ಮಿಸ್ಟರ್ ಫ್ರೀಜ್ ಯಾಕೆ ಹಾಗಾದ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ತುಮಕೂರಿನ ನಮ್ಮ ಮನೆಯ ಹಾಲ್‌ನಲ್ಲಿ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹಳೆಯ ಕಾರ್ಟೂನ್ ತೋರಿಸುವುದು ನನ್ನ ಚಾಳಿ. ಟಿವಿಯಲ್ಲಿ ಇಂಗ್ಲಿಷ್ ಮಾತು ಓಡುತ್ತಿರುತ್ತದೆ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಮಿಕ್ಕ ವಾರ ಕಾರ್ಟೂನ್ ಮುಗಿದ ಕೂಡಲೇ ಮಕ್ಕಳು ಚಪ್ಪಲಿ ಹುಡುಕಲು ಓಡುತ್ತಾರೆ. ಬ್ಯಾಟ್‌ಮನ್ ಕಾರ್ಟೂನಿನ ಖಳ ಮಿಸ್ಟರ್ ಫ್ರೀಜ್ ಬಂದ ವಾರ ಮಾತ್ರ ಯಾರೂ ಏಳಲಿಲ್ಲ. ಆಮೇಲೆ ಅಪ್ಪ ಅಮ್ಮಂದಿರೂ ಕೇಳಲು ಶುರುಮಾಡಿದರು. ಮಾಲೂರಿನಿಂದ, ಚಿಂತಾಮಣಿಯಿಂದ ಕಾಗದ ಬಂದವು. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಕಥೆಯ ಗುಟ್ಟೆಲ್ಲ ಕೆಳಗೆ ಬಯಲಾಗುತ್ತದೆ. ನೋಡದವರು ಮೊದಲು ನೋಡಿಕೊಂಡು ಬನ್ನಿ, 22 ನಿಮಿಷದ ಕೆಲಸ ಅಷ್ಟೇ.

## ಈಗ ತಾನೇ ನೋಡಿದವರಿಗೆ

ಯಾವ ಸೀರಿಯಲ್ ಇದು? ಸಿನಿಮಾನಾ?

ಸಿನಿಮಾ ಅಲ್ಲ. 'ಬ್ಯಾಟ್‌ಮನ್: ದಿ ಅನಿಮೇಟೆಡ್ ಸೀರೀಸ್' ಅಂತ ಅಮೆರಿಕದ ಟಿವಿ ಕಾರ್ಟೂನ್. 1992ರ ಸೆಪ್ಟೆಂಬರ್ 5ರಂದು ಶುರುವಾಗಿ 1995ರವರೆಗೆ ಒಟ್ಟು 85 ಕಂತು ಬಂತು. ಫ್ರೀಜ್ ಕಥೆ ಇರುವ ಕಂತಿನ ಹೆಸರು 'ಹಾರ್ಟ್ ಆಫ್ ಐಸ್'. ಅದು 1992ರ ಸೆಪ್ಟೆಂಬರ್ 7ರಂದು, ಅಂದರೆ ಸರಣಿ ಶುರುವಾದ ಮೂರನೇ ದಿನಕ್ಕೇ ಬಂತು. ಬರೆದವರು ಪಾಲ್ ಡಿನಿ, ನಿರ್ದೇಶಿಸಿದವರು ಬ್ರೂಸ್ ಟಿಮ್.

ಅವನಿಗೆ ಏನಾಯಿತು ಅಂತ ಒಂದೇ ಉಸಿರಿಗೆ ಹೇಳಿ ಸಾರ್, ನಾನು ಅರ್ಧಕ್ಕೆ ಬಂದೆ.

ವಿಕ್ಟರ್ ಫ್ರೈಸ್ ಒಬ್ಬ ವಿಜ್ಞಾನಿ. ಹೆಂಡತಿ ನೋರಾಗೆ ವಾಸಿಯಾಗದ ಕಾಯಿಲೆ. ಮದ್ದು ಸಿಗುವವರೆಗೆ ಇರಲಿ ಅಂತ ಅವಳನ್ನು ಗಾಜಿನ ಕೊಳವೆಯೊಳಗೆ ಹಿಮಗಟ್ಟಿಸಿ ಇಟ್ಟಿರುತ್ತಾನೆ. ಜಾಗವೂ ಯಂತ್ರವೂ ಅವನು ಕೆಲಸಕ್ಕಿದ್ದ ಗಾತ್‌ಕಾರ್ಪ್ ಕಂಪನಿಯದು. ಮಾಲೀಕ ಫೆರಿಸ್ ಬಾಯ್ಲ್ ಬಂದು, ಇದಕ್ಕೆಲ್ಲ ದುಡ್ಡಿಲ್ಲ, ಯಂತ್ರ ನಿಲ್ಲಿಸಿ ಅನ್ನುತ್ತಾನೆ. ಫ್ರೈಸ್ ತಡೆಯಲು ಹೋಗುತ್ತಾನೆ. ಬಾಯ್ಲ್ ಅವನನ್ನು ರಾಸಾಯನಿಕ ಜೋಡಿಸಿಟ್ಟ ಮೇಜಿನ ಮೇಲೆ ಒದ್ದು ಕೆಡವುತ್ತಾನೆ. ಅಲ್ಲಿಂದಾಚೆ ಫ್ರೈಸ್‌ನ ಮೈಗೆ ಸಾಮಾನ್ಯ ಬಿಸಿಲೂ ವಿಷ. ಕೊರೆಯುವ ಚಳಿ ತುಂಬಿದ ಉಕ್ಕಿನ ಉಡುಪಿನೊಳಗಷ್ಟೇ ಅವನು ಬದುಕಬಲ್ಲ. ಹೀಗೆ ಫ್ರೈಸ್ ಮಿಸ್ಟರ್ ಫ್ರೀಜ್ ಆದ.

ಅಣ್ಣಾ, ಹುಣಸೆಹಣ್ಣನ್ನ ಕೋಲ್ಡ್ ಸ್ಟೋರೇಜಲ್ಲಿ ಇಡ್ತಾರಲ್ಲ, ಹಂಗೇನಾ ಅವರನ್ನ ಇಟ್ಟಿದ್ದು?

ಶಿರಾ ಗೇಟ್ ಕಡೆಯ ಹುಡುಗನ ಪ್ರಶ್ನೆ. ನನಗೆ ಬಹಳ ಇಷ್ಟವಾದದ್ದು ಇದೇ, ಯಾಕೆಂದರೆ ನಮ್ಮಪ್ಪ ಊರಾಚೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲೇ ಮೆಷಿನ್ ನೋಡಿಕೊಳ್ಳುತ್ತಿದ್ದರು. ಹೊರಗೆ ಬಿಟ್ಟರೆ ಹೊಸ ಹುಣಸೆಹಣ್ಣು ತಿಂಗಳು ಕಳೆದಂತೆ ಕಪ್ಪಾಗುತ್ತದೆ. ತಣ್ಣಗಿಟ್ಟರೆ ಬಣ್ಣ ಉಳಿಯುತ್ತದೆ, ರೇಟು ಬಂದಾಗ ತೆಗೆದು ಮಾರಬಹುದು. ಫ್ರೈಸ್ ಮಾಡಿದ್ದೂ ಕಾಲವನ್ನು ನಿಲ್ಲಿಸುವ ಕೆಲಸವೇ. ಆದರೆ ಹುಣಸೆಹಣ್ಣಿನಲ್ಲಿ ನೀರು ಕಡಿಮೆ. ಮನುಷ್ಯರ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಇದರಿಂದ ಏನು ತೊಂದರೆ ಅನ್ನುವುದನ್ನು ಕೆಳಗೆ ಟೊಮ್ಯಾಟೊ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಚಿಕ್ಕ ಮಕ್ಕಳಿಗೆ ತೋರಿಸಬಹುದಾ?

ರಕ್ತ ಗಿಕ್ತ ಏನೂ ಇಲ್ಲ. ಬೇಜಾರು ಮಾತ್ರ ಇದೆ. ನಮ್ಮ ಮನೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅತ್ತಳು. ಹತ್ತು ನಿಮಿಷದ ಮೇಲೆ ಚುರುಮುರಿ ತಿಂದಳು. ನಾನಾದರೆ ಆರು ವರ್ಷ ದಾಟಿದ ಮೇಲೆ ತೋರಿಸುತ್ತೇನೆ, ಅದೂ ಪಕ್ಕದಲ್ಲಿ ದೊಡ್ಡವರು ಕೂತಿದ್ದರೆ.

## ಕಥೆಯ ಒಳಗೆ

ಅವನು ಕೆಟ್ಟವನಾ ಒಳ್ಳೆಯವನಾ? ಮಗಳು ದಿನಾ ಕೇಳ್ತಾಳೆ, ನನಗೇ ಗೊತ್ತಾಗ್ತಿಲ್ಲ.

ಕೆಟ್ಟ ಕೆಲಸ ಮಾಡುತ್ತಾನೆ, ಅದರಲ್ಲಿ ಅನುಮಾನ ಬೇಡ. ಮೊದಲ ದರೋಡೆಯಲ್ಲೇ ಅವನ ಕಡೆಯವನೊಬ್ಬನ ಕಾಲು ಹಿಮಗಟ್ಟಿ ಹೋಗುತ್ತದೆ. ಫ್ರೀಜ್ ಅವನನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತಾನೆ. ಎತ್ತಿಕೊಂಡು ಹೋಗಿ ಉಳಿಸುವವನು ಬ್ಯಾಟ್‌ಮನ್. ಈ ಸಣ್ಣ ದೃಶ್ಯವನ್ನು ಬಹಳ ಜನ ಮರೆತುಬಿಡುತ್ತಾರೆ. ನನಗೆ ಇದು ಇಡೀ ಕಂತಿನ ಬೀಗದಕೈ. ಹೆಂಡತಿಯ ಯಂತ್ರ ನಿಲ್ಲಿಸುವಾಗ ಬಾಯ್ಲ್ ಏನು ಮಾಡಿದನೋ, ತನ್ನ ಆಳಿಗೆ ಫ್ರೀಜ್ ಮಾಡಿದ್ದೂ ಅದೇ. ಉಪಯೋಗಕ್ಕಿಲ್ಲ, ಬಿಡು ಅಂದ. ಅವನ ದುಃಖ ನಿಜ, ಅವನ ಕ್ರೌರ್ಯವೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಒರೆಸಿಹಾಕಲು ಬರೆದವರು ಹೋಗಿಲ್ಲ. ಮಗಳಿಗೆ ಇಷ್ಟೇ ಹೇಳಿ ನೋಡಿ: "ಅವನಿಗೆ ಮೋಸ ಆಯ್ತು ಪುಟ್ಟಿ, ಆಮೇಲೆ ಅವನೂ ಬೇರೆಯವರಿಗೆ ಮೋಸ ಮಾಡಿದ." ನಮ್ಮ ಮನೆಯ ಮಕ್ಕಳಿಗೆ ಇಷ್ಟು ಸಾಕಾಯಿತು. ದೊಡ್ಡವರೇ ಜಾಸ್ತಿ ವಾದ ಮಾಡಿದ್ದು.

ಅವನು ಬದಲಾಗೋದನ್ನ ನೇರವಾಗಿ ಯಾಕೆ ತೋರಿಸಲ್ಲ? ಟಿವಿ ಒಳಗೆ ಟಿವಿ ಇಟ್ಟು ತೋರಿಸ್ತಾರಲ್ಲ?

ಒಳ್ಳೆ ಕಣ್ಣು. ಕಂತು ಶುರುವಾಗುವ ಹೊತ್ತಿಗೆ ಫ್ರೈಸ್ ಆಗಲೇ ಫ್ರೀಜ್ ಆಗಿ ಮುಗಿದಿದೆ. ಆ ಅಪಘಾತವನ್ನು ನಾವು ನೋಡುವುದು ಕಂಪನಿಯಲ್ಲಿ ಸಿಕ್ಕ ಒಂದು ವಿಡಿಯೋ ಟೇಪ್‌ನಲ್ಲಿ. ಅದನ್ನು ಕತ್ತಲಲ್ಲಿ ನಿಂತು ನೋಡುವವನು ಬ್ಯಾಟ್‌ಮನ್. ಅವನ ಭುಜದ ಹಿಂದೆ ನಿಂತು ನಾವೂ ನೋಡುತ್ತೇವೆ.

ಇದರಿಂದ ಎರಡು ಲಾಭ. ಫ್ರೀಜ್ ತನ್ನ ಕಷ್ಟವನ್ನು ತಾನೇ ತೋಡಿಕೊಂಡಿದ್ದರೆ "ಎಲ್ಲ ಕಳ್ಳರೂ ಹೀಗೇ ಹೇಳೋದು" ಅಂತ ನಮಗೆ ಅನ್ನಿಸುತ್ತಿತ್ತು. ಟೇಪಿಗೆ ಯಾರ ಮೇಲೂ ಪ್ರೀತಿಯಿಲ್ಲ, ಕೋಪವಿಲ್ಲ. ಅದು ಸುಮ್ನೆ ತೋರಿಸುತ್ತದೆ, ನಂಬದೆ ವಿಧಿಯಿಲ್ಲ. ಇನ್ನೊಂದು, ಅಪ್ಪ ಅಮ್ಮನನ್ನು ಕಣ್ಣೆದುರೇ ಕಳೆದುಕೊಂಡ ಬ್ರೂಸ್ ವೇಯ್ನ್, ಅಂದರೆ ಬ್ಯಾಟ್‌ಮನ್, ಅದನ್ನು ನೋಡುತ್ತಾನೆ. ಅವನ ಮುಖ ಬದಲಾಗುವುದನ್ನು ಗಮನಿಸಿ. ಖಳನ ಮೈ ಬದಲಾದದ್ದು ಹಳೇ ಕಥೆ. ಈ ಕಂತಿನಲ್ಲಿ ಬದಲಾಗುವುದು ಅವನನ್ನು ನೋಡುವವರ ಕಣ್ಣು. ಹತ್ತು ನಿಮಿಷದ ಹಿಂದೆ "ಹೊಡಿ ಬ್ಯಾಟ್‌ಮನ್" ಅಂತ ಕೂಗುತ್ತಿದ್ದ ನಮ್ಮ ಹಾಲ್ ಆ ಟೇಪ್ ಮುಗಿದ ಮೇಲೆ ತಣ್ಣಗಾಯಿತು. ಇದಕ್ಕಿಂತ ಸಾಕ್ಷಿ ಬೇಡ.

ಬಾಯ್ಲ್‌ಗೆ ಸನ್ಮಾನ ಮಾಡೋ ಸೀನ್ ಅಷ್ಟು ಉದ್ದ ಬೇಕಿತ್ತಾ?

ಬೇಕಿತ್ತು. ಫ್ರೀಜ್ ನುಗ್ಗಿ ಬರುವುದೇ ಬಾಯ್ಲ್‌ಗೆ ಮಾನವಸೇವೆಯ ಪ್ರಶಸ್ತಿ ಕೊಡುವ ರಾತ್ರಿ. ಇದನ್ನು ನೋಡುವಾಗ ನನಗೆ ನನ್ನ ಮೊದಲ ಕೆಲಸ ನೆನಪಾಗುತ್ತದೆ. ಒಂದು ಸಣ್ಣ ಕಾರ್ಖಾನೆ. ಆರು ಜನರನ್ನು ಒಂದೇ ದಿನ "ನಾಳೆಯಿಂದ ಬರಬೇಡಿ" ಅಂದರು. ನಾನೂ ಅದರಲ್ಲಿ ಒಬ್ಬ. ಅದೇ ವಾರ ಮಾಲೀಕರಿಗೆ ಯಾವುದೋ ಸಮಾರಂಭದಲ್ಲಿ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಹೊಗಳಿಕೆಯಲ್ಲಿ "ಕಾರ್ಮಿಕರ ಪಾಲಿನ ತಂದೆ" ಅನ್ನುವ ಮಾತೂ ಇತ್ತು. ನಾನೇನೂ ಹಿಮದ ಬಂದೂಕು ಹಿಡಿಯಲಿಲ್ಲ, ಬೇರೆ ಕೆಲಸ ಹುಡುಕಿಕೊಂಡೆ. ಆದರೆ ಆ ಸೀನ್ ಉದ್ದವಾಯಿತು ಅಂತ ನನಗೆ ಒಂದು ಸಲವೂ ಅನ್ನಿಸಿಲ್ಲ.

ಕೊನೆಗೆ ಬಾಯ್ಲ್‌ಗೆ ಏನು ಶಿಕ್ಷೆ ಆಗುತ್ತೆ? ಬ್ಯಾಟ್‌ಮನ್ ಅವನನ್ನ ಹಂಗೇ ಬಿಟ್ಟು ಹೋಗ್ತಾನಲ್ವಾ?

ಸೊಂಟದವರೆಗೆ ಹಿಮಗಟ್ಟಿ ನಿಂತಿರುತ್ತಾನೆ. ಬ್ಯಾಟ್‌ಮನ್ ಟೇಪನ್ನು ಪತ್ರಕರ್ತೆಯ ಕೈಗೆ ಕೊಟ್ಟು, ಬಾಯ್ಲ್ ಕಡೆ ತಿರುಗಿ ಮಾನವಪ್ರೇಮಿಗಳಿಗೆ ಶುಭರಾತ್ರಿ ಅನ್ನುವ ಧಾಟಿಯಲ್ಲಿ ಒಂದು ಮಾತು ಎಸೆದು ಹೊರಡುತ್ತಾನೆ. ಕೋರ್ಟು ಕಚೇರಿ ತೋರಿಸುವುದಿಲ್ಲ. ತೋರಿಸಬೇಕಿತ್ತು ಅನ್ನುವವರಿದ್ದಾರೆ. ನನಗೆ ಇಷ್ಟೇ ರುಚಿ.

ಬಿಸಿ ಸೂಪ್ ಎರಚಿ ವಿಲನ್‌ನ ಸೋಲಿಸೋದು ತಮಾಷೆ ಅನ್ನಿಸಲ್ವಾ?

ತಮಾಷೆಯೇ. ಬ್ಯಾಟ್‌ಮನ್‌ಗೆ ನೆಗಡಿ ಹಿಡಿದಿರುತ್ತದೆ. ಅವನ ಮನೆ ನೋಡಿಕೊಳ್ಳುವ ಆಲ್ಫ್ರೆಡ್ ಫ್ಲಾಸ್ಕಿನಲ್ಲಿ ಕೋಳಿ ಸೂಪ್ ಕೊಟ್ಟು ಕಳಿಸಿರುತ್ತಾನೆ. ಕೊನೆಗೆ ಅದನ್ನೇ ಫ್ರೀಜ್‌ನ ತಲೆಯ ಗಾಜಿನ ಗೋಳಕ್ಕೆ ಅಪ್ಪಳಿಸುತ್ತಾನೆ. ಗಾಜು ಸೀಳುತ್ತದೆ. ಫ್ರಿಜ್ಜಿನಿಂದ ತೆಗೆದ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದು ನೋಡಿದವರಿಗೆ ಇದು ಗೊತ್ತು. ಬಿಸಿ ತಗುಲಿದ ಮೈ ಹಿಗ್ಗುತ್ತದೆ, ತಣ್ಣಗಿರುವ ಮೈ ಹಿಗ್ಗುವುದಿಲ್ಲ, ನಡುವೆ ಗಾಜು ಒಡೆಯುತ್ತದೆ. ವಿಜ್ಞಾನ ಸರಿಯಾಗಿದೆ. ಅದಕ್ಕಿಂತ ಚೆಂದ ಅಂದರೆ, ಒಬ್ಬನಿಗೆ ಮನೆಯಲ್ಲಿ ಸೂಪ್ ಮಾಡಿಕೊಡುವವರಿದ್ದಾರೆ, ಇನ್ನೊಬ್ಬನಿಗೆ ಯಾರೂ ಇಲ್ಲ. ಕಂತಿನಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

## ಇದಕ್ಕೂ ಮುಂಚೆ ಅವನು ಹೇಗಿದ್ದ?

ಕಾಮಿಕ್ಸಲ್ಲೂ ಇದೇ ಕಥೆನಾ?

ಇಲ್ಲ. ಕಾಮಿಕ್ಸ್‌ಗೆ ಅವನು ಬಂದದ್ದು 1959ರಲ್ಲಿ, ಬ್ಯಾಟ್‌ಮನ್ ಪತ್ರಿಕೆಯ 121ನೇ ಸಂಚಿಕೆಯಲ್ಲಿ. ಆಗ ಹೆಸರು ಮಿಸ್ಟರ್ ಝೀರೊ. ಹಿಮದ ಬಂದೂಕು ಮಾಡಲು ಹೋಗಿ ಎಡವಟ್ಟಾಗಿ, ಚಳಿಯಲ್ಲಷ್ಟೇ ಬದುಕಬಲ್ಲವನಾದ ಕಳ್ಳ. ಹೆಂಡತಿ ಇಲ್ಲ, ದುಃಖ ಇಲ್ಲ. 1966ರ ಟಿವಿ ಸರಣಿಯಲ್ಲಿ ಅವನಿಗೆ ಮಿಸ್ಟರ್ ಫ್ರೀಜ್ ಅಂತ ಹೆಸರಿಟ್ಟರು. ಕಾಮಿಕ್ಸ್‌ನವರೂ ಅದನ್ನೇ ಹಿಡಿದರು. ಆ ಸರಣಿಯಲ್ಲಿ ಮೂವರು ನಟರು ಬೇರೆ ಬೇರೆ ಸಲ ಈ ಪಾತ್ರ ಮಾಡಿದರು: ಜಾರ್ಜ್ ಸ್ಯಾಂಡರ್ಸ್, ಆಟೊ ಪ್ರೆಮಿಂಜರ್, ಎಲೈ ವಾಲಕ್. ನಟರೇ ಬದಲಾದರೂ ಯಾರಿಗೂ ತೊಂದರೆ ಆಗಲಿಲ್ಲ ಅಂದರೆ ಪಾತ್ರ ಎಷ್ಟು ತೆಳುವಾಗಿತ್ತು ನೋಡಿ. ನೋರಾ ಹುಟ್ಟಿದ್ದು 1992ರಲ್ಲಿ, ಡಿನಿಯವರ ಲೇಖನಿಯಿಂದ. ಆಮೇಲೆ ಈ ಕಾರ್ಟೂನಿನ ಕಥೆಯನ್ನೇ ಕಾಮಿಕ್ಸ್ ತನ್ನದು ಮಾಡಿಕೊಂಡಿತು. ಮೊಮ್ಮಗನ ಜಾತಕ ನೋಡಿ ಅಜ್ಜನಿಗೆ ಹೆಸರಿಟ್ಟ ಹಾಗೆ.

ಪ್ರಶಸ್ತಿ ಬಂತಂತೆ, ಹೌದಾ?

ಹೌದು. ಅನಿಮೇಷನ್ ಬರವಣಿಗೆಗೆ ಡೇಟೈಮ್ ಎಮ್ಮಿ ಅನ್ನುವ ಅಮೆರಿಕದ ಟಿವಿ ಪ್ರಶಸ್ತಿ, 1993ರಲ್ಲಿ.

ಅವನ ದನಿ ಯಾಕೆ ಮೆಷಿನ್ ಥರ? ಸಿಟ್ಟು ಬಂದ್ರೂ ಕೂಗಲ್ಲ.

ದನಿ ಕೊಟ್ಟವರು ಮೈಕೆಲ್ ಅನ್ಸಾರಾ, ಸಿರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ನಟ. ಭಾವನೆ ಇನ್ನೂ ಕಡಿಮೆ ಮಾಡಿ, ಇನ್ನೂ ಒಣಗಿಸಿ ಅಂತ ಅವರಿಂದ ಹೇಳಿಸಿದರು. ನಾವು ಇದಕ್ಕೆ ಉಲ್ಟಾ ಅಭ್ಯಾಸದವರು. ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ 'ಕುರುಕ್ಷೇತ್ರ' ನಾಟಕ ಆಡಿದರೆ ದುರ್ಯೋಧನನ ಪಾತ್ರಕ್ಕೇ ಪೈಪೋಟಿ. ಆ ಪಾತ್ರಕ್ಕೆ ಹಣವೂ ಜಾಸ್ತಿ ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಎತ್ತಿದರೆ ಸಾಕು, ದುರ್ಯೋಧನ ಗದೆ ನೆಲಕ್ಕೆ ಕುಟ್ಟಿ ಗುಡುಗುತ್ತಾನೆ, ಕೊನೆಗೆ ಅದೇ ಗಂಟಲಲ್ಲಿ ಅಳಿಸುತ್ತಾನೆ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿಯ ಸೀಮೆ ನಮ್ಮದು, ಖಳ ಅಂದರೆ ಗಂಟಲು. ಹಾಗಾಗಿ ಮೊದಲ ಸಲ ನೋಡಿದಾಗ ನನಗೂ ಈ ಫ್ರೀಜ್ ಸಪ್ಪೆ ಅನ್ನಿಸಿದ್ದ. ಎರಡನೇ ಸಲ ಕೇಳಿದಾಗ ಗೊತ್ತಾಯಿತು: ಬೇಸಿಗೆಯಲ್ಲಿ ಬಿಸಿಗಾಳಿಗೆ ಮುಖವೊಡ್ಡಿ, ಬೆಚ್ಚಗಿನ ಕೈ ಹಿಡಿದು ನಡೆಯುವ ಆಸೆಯನ್ನು ಅವನು ಬೆಲೆಪಟ್ಟಿ ಓದುವ ಹಾಗೆ ಹೇಳುತ್ತಾನೆ. ಅಳುವ ಶಕ್ತಿಯೂ ಹೆಪ್ಪುಗಟ್ಟಿದೆ.

ಇನ್ನೊಂದು ಸ್ವಾರಸ್ಯ. ಬಾಯ್ಲ್‌ಗೆ ದನಿ ಕೊಟ್ಟವರು ಮಾರ್ಕ್ ಹ್ಯಾಮಿಲ್. ಇದೇ ಸರಣಿಯಲ್ಲಿ ಜೋಕರ್‌ನ ನಗು ಆಮೇಲೆ ಅವರದ್ದೇ ಆಯಿತು.

ಆ ಕೆಂಪು ಕನ್ನಡಕ, ಗುಂಡು ಗಾಜು ಯಾರು ಬರೆದದ್ದು?

ಫ್ರೀಜ್‌ನ ಹೊಸ ರೂಪ ಕಾಮಿಕ್ಸ್ ಕಲಾವಿದ ಮೈಕ್ ಮಿನ್ಯೋಲಾ ಅವರದು. ಮೈಕೈಯೆಲ್ಲ ಮುಚ್ಚಿ, ಕಣ್ಣಿನ ಜಾಗದಲ್ಲಿ ಎರಡು ಕೆಂಪು ಚುಕ್ಕೆ ಬಿಟ್ಟಿದ್ದಾರೆ. ಸುತ್ತಲಿನ ಕತ್ತಲಿಗೂ ಕಾರಣವಿದೆ. ಈ ಸರಣಿಯ ಹಿನ್ನೆಲೆಗಳನ್ನು ಕಪ್ಪು ಕಾಗದದ ಮೇಲೆ ತಿಳಿ ಬಣ್ಣ ಹಚ್ಚಿ ಬರೆಯುತ್ತಿದ್ದರು. ಎರಿಕ್ ರಾಡಮ್‌ಸ್ಕಿ ತಂದ ಪದ್ಧತಿ. ಡ್ರಾಯಿಂಗ್ ಕಲಿಯುವ ಮಕ್ಕಳು ಕಪ್ಪು ಚಾರ್ಟ್ ತಂದು ಒಮ್ಮೆ ಮಾಡಿ ನೋಡಿ, ಬಿಳಿ ಕಾಗದದ ಮೇಲೆ ಕಪ್ಪು ಬಳಿಯುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ.

## ವಿಜ್ಞಾನ ಕೇಳುವವರಿಗೆ

ಹಿಮದ ಬಂದೂಕು ನಿಜವಾಗಲೂ ಮಾಡಬಹುದಾ ಅಂಕಲ್?

ಕಾರ್ಟೂನಿನಲ್ಲಿದ್ದ ಹಾಗೆ ಆಗದು. ಚಳಿ ಅನ್ನುವುದು ಎಸೆಯುವ ವಸ್ತುವಲ್ಲ. ಒಂದು ವಸ್ತು ತಣ್ಣಗಾಗಬೇಕಾದರೆ ಅದರೊಳಗಿನ ಬಿಸಿ ಹೊರಗೆ ಹೋಗಬೇಕು. ನಿಮ್ಮ ಮನೆಯ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಬಿಸಿಯನ್ನು ತೆಗೆದು ಹೊರಗೆ ಸುರಿಯುವುದೇ ಅದರ ಕೆಲಸ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಬ್ಬ ಮನುಷ್ಯನನ್ನು ಹಿಮಗಟ್ಟಿಸಿದರೆ ಅಷ್ಟೂ ಬಿಸಿ ಎಲ್ಲಿಗೆ ಹೋಗಬೇಕು? ಬಂದೂಕು ಹಿಡಿದವನ ಕೈ ಸುಡಬೇಕಿತ್ತು. ದ್ರವ ಸಾರಜನಕ ಎರಚಿದರೆ ಒಂದಿಷ್ಟು ಹತ್ತಿರ ಬರುತ್ತದೆ. ಅದು ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ.

ನೋರಾ ಥರ ಮನುಷ್ಯರನ್ನ ಹಿಮದಲ್ಲಿಟ್ಟು ಆಮೇಲೆ ಎಬ್ಬಿಸೋಕೆ ಆಗುತ್ತಾ?

ಮಾಲೂರಿನಿಂದ ಬಂದ ಕಾಗದ. ಕೋಲಾರ ಸೀಮೆಯವರಿಗೆ ಟೊಮ್ಯಾಟೊದಲ್ಲೇ ಉತ್ತರ ಹೇಳುತ್ತೇನೆ. ಒಂದು ಗಟ್ಟಿ ಟೊಮ್ಯಾಟೊವನ್ನು ಫ್ರೀಜರಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಕಲ್ಲಿನ ಹಾಗಿರುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ. ಹೊರಗಿಟ್ಟು ಮಧ್ಯಾಹ್ನ ನೋಡಿ: ಸಾರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾರದು. ಒಳಗಿನ ನೀರು ಮಂಜಿನ ಹರಳಾಗಿ ಜೀವಕೋಶಗಳನ್ನು ಹರಿದುಹಾಕಿರುತ್ತದೆ. ನಮ್ಮ ಮೈಗೂ ಇದೇ ಗತಿ.

ಹರಳು ಕಟ್ಟದ ಹಾಗೆ ಮಾಡುವ ದಾರಿಯೂ ಇದೆ. ಮೊದಲು ವಿಶೇಷ ದ್ರವ ತುಂಬಿಸಿ, ಬಹಳ ಬೇಗ ತಣ್ಣಗೆ ಮಾಡಿದರೆ ನೀರು ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಟೆಸ್ಟ್ ಟ್ಯೂಬ್ ಬೇಬಿ ಆಸ್ಪತ್ರೆಗಳಲ್ಲಿ ಭ್ರೂಣಗಳನ್ನು ಹೀಗೇ ಇಡುತ್ತಾರೆ, ಆಮೇಲೆ ಆರೋಗ್ಯವಾದ ಮಕ್ಕಳೂ ಹುಟ್ಟುತ್ತಾರೆ. ಆದರೆ ಭ್ರೂಣ ಅಂದರೆ ಬೆರಳೆಣಿಕೆಯಿಂದ ನೂರಾರು ಕೋಶ. ಇಡೀ ಮನುಷ್ಯ ಬೇರೆಯೇ ಲೆಕ್ಕ. ಅಮೆರಿಕದ ಜೇಮ್ಸ್ ಬೆಡ್‌ಫೋರ್ಡ್ ಅನ್ನುವವರ ದೇಹವನ್ನು ಅವರು ತೀರಿಕೊಂಡ ಮೇಲೆ 1967ರ ಜನವರಿ 12ರಂದು ಹಿಮಗಟ್ಟಿಸಿ ಇಟ್ಟರು. ಅದು ಇನ್ನೂ ಹಾಗೇ ಇದೆ. ಇಲ್ಲಿಯವರೆಗೆ ಹೀಗಿಟ್ಟ ಯಾರೂ ಎದ್ದು ಬಂದಿಲ್ಲ.

## ವಾದಕ್ಕೆ ಕೂರುವವರಿಗೆ

ಟೂ-ಫೇಸ್ ಕಥೆ ಇದಕ್ಕಿಂತ ಚೆನ್ನಾಗಿದೆ. ಒಪ್ಪುತ್ತೀರಾ?

ಚಿಂತಾಮಣಿಯ ಕಾಲೇಜು ಹುಡುಗನೊಬ್ಬ ಮೂರು ಪುಟ ಬರೆದಿದ್ದ. ಅರ್ಧ ಒಪ್ಪುತ್ತೇನೆ. ಟೂ-ಫೇಸ್ ಅನ್ನುವ ಖಳನ ಅಸಲು ಹೆಸರು ಹಾರ್ವಿ ಡೆಂಟ್. ಅವನು ಮುಖ ಸುಟ್ಟುಕೊಳ್ಳುವುದು 1992ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಎರಡು ಭಾಗದ ಕಂತಿನಲ್ಲಿ. ಅದಕ್ಕೂ ಮುಂಚೆಯೇ ಅವನು ಬ್ರೂಸ್‌ನ ಗೆಳೆಯನಾಗಿ, ನಗುಮುಖದ ವಕೀಲನಾಗಿ ಬಂದು ಹೋಗಿರುತ್ತಾನೆ. ಪರಿಚಯದವನೊಬ್ಬ ಕೈತಪ್ಪಿ ಹೋದ ಸಂಕಟ ಅಲ್ಲಿದೆ. ಮೇಲಾಗಿ ಅವನೊಳಗಿನ ಇನ್ನೊಬ್ಬ ಹಾರ್ವಿ ಚಿಕ್ಕಂದಿನಿಂದಲೂ ಇದ್ದ. ಸ್ಫೋಟ ಅವನನ್ನು ಹೊರಗೆ ತಂದಿತು ಅಷ್ಟೇ. 1942ರ ಕಾಮಿಕ್ಸಿನಲ್ಲಿ ಕೋರ್ಟಿನಲ್ಲಿ ಆಸಿಡ್ ಎರಚಿದ್ದೇ ಎಲ್ಲಕ್ಕೂ ಮೂಲ. ಕಾರ್ಟೂನ್ ಮನಸ್ಸಿನೊಳಗೆ ಇಳಿಯಿತು.

ಕ್ಲೇಫೇಸ್ ಕೂಡ ಇದೇ ಸಾಲಿನವನು. ಮ್ಯಾಟ್ ಹೇಗನ್ ಅನ್ನುವ ನಟ, ಅಪಘಾತದಲ್ಲಿ ಹಾಳಾದ ಮುಖವನ್ನು ಒಂದು ಕ್ರೀಮಿನಿಂದ ಸರಿಮಾಡಿಕೊಳ್ಳುತ್ತಾ ಅದಕ್ಕೇ ದಾಸನಾಗುತ್ತಾನೆ. ಅದನ್ನೇ ಮೈತುಂಬ ಸುರಿದಾಗ ಮಣ್ಣಿನ ಮುದ್ದೆಯಾಗುತ್ತಾನೆ. ಮೈ ಬದಲಾಗುವುದನ್ನು ನೋಡುವ ಬೆರಗು ಬೇಕಿದ್ದರೆ ಕ್ಲೇಫೇಸ್, ಗೆಳೆತನದ ನೋವು ಬೇಕಿದ್ದರೆ ಟೂ-ಫೇಸ್. ಅವೆರಡೂ ಎರಡೆರಡು ಭಾಗ ತೆಗೆದುಕೊಂಡವು. ಫ್ರೀಜ್ ಒಂದೇ ಕಂತಿನಲ್ಲಿ ಮುಗಿಸಿದ. ನನ್ನ ಮತ ಅದಕ್ಕೇ.

ಮುಂದೆ ನೋರಾ ಬದುಕ್ತಾಳಂತೆ. ಅದು ಮೊದಲ ಕಥೆನ ಹಾಳು ಮಾಡಲ್ವಾ?

ಸ್ವಲ್ಪ ಮಾಡುತ್ತದೆ. 'ಹಾರ್ಟ್ ಆಫ್ ಐಸ್' ಕೊನೆಯಲ್ಲಿ ಅವಳು ಹೋದಳು ಅಂತಲೇ ಅವನು ನಂಬಿರುತ್ತಾನೆ. ಜೈಲಿನ ತಣ್ಣನೆ ಕೋಣೆಯಲ್ಲಿ ಗಾಜಿನ ಗೋಳದೊಳಗಿನ ಪುಟ್ಟ ನರ್ತಕಿಯ ಮುಂದೆ ಕೂತು ಕ್ಷಮೆ ಕೇಳುತ್ತಾನೆ. ಅಷ್ಟಕ್ಕೇ ಬಿಟ್ಟಿದ್ದರೆ ಎದೆಯಲ್ಲಿ ಉಳಿಯುತ್ತಿತ್ತು. 1994ರ 'ಡೀಪ್ ಫ್ರೀಜ್' ಕಂತಿನಲ್ಲಿ ಅವಳು ಇನ್ನೂ ಇದ್ದಾಳೆ ಅಂತ ತಿಳಿಯುತ್ತದೆ. 1998ರ 'ಸಬ್‌ಝೀರೊ' ಚಿತ್ರದಲ್ಲಿ ಅವಳು ಗುಣವಾಗುತ್ತಾಳೆ. ಆ ಸುದ್ದಿಯನ್ನು ಅವನು ದೂರದಲ್ಲಿ ಟಿವಿಯಲ್ಲಿ ನೋಡುತ್ತಾನೆ. ಆ ಒಂದು ದೃಶ್ಯಕ್ಕಾಗಿ ಉಳಿದದ್ದನ್ನು ಮನ್ನಿಸಬಹುದು. 1997ರ 'ಕೋಲ್ಡ್ ಕಂಫರ್ಟ್' ಇನ್ನೂ ಕಠೋರ. ಮೈಯೆಲ್ಲ ಹೋಗಿ ತಲೆ ಮಾತ್ರ ಉಳಿದಿದೆ. ಬೇರೆಯವರು ಪ್ರೀತಿಸುವುದನ್ನೆಲ್ಲ ಹುಡುಕಿ ಒಡೆಯುತ್ತಾನೆ. ಅದನ್ನು ಮಕ್ಕಳಿಗೆ ತೋರಿಸಲಿಲ್ಲ.

2012ರ ಕಾಮಿಕ್ಸಲ್ಲಿ ನೋರಾ ಅವನ ಹೆಂಡತಿನೇ ಅಲ್ಲವಂತೆ. ಯಾವುದು ಅಸಲಿ?

ಹೌದು, ಆ ಕಥೆಯಲ್ಲಿ ನೋರಾ 1960ರ ದಶಕದಲ್ಲೇ ಹಿಮದಲ್ಲಿಟ್ಟ ಯಾರೋ ಒಬ್ಬಳು. ವಿಕ್ಟರ್ ಅವಳನ್ನು ಹೆಂಡತಿ ಅಂತ ಕಲ್ಪಿಸಿಕೊಂಡಿರುತ್ತಾನೆ. ಜಾಣ ತಿರುವು, ಒಪ್ಪುತ್ತೇನೆ. ಆದರೆ ಹಾಗೆ ಮಾಡಿದರೆ ಬಾಯ್ಲ್‌ನ ತಪ್ಪು ಹಗುರವಾಗಿ, ಎಲ್ಲ ಭಾರವೂ ಹುಚ್ಚನೊಬ್ಬನ ತಲೆಗೆ ಬರುತ್ತದೆ. ಅಸಲಿ ನಕಲಿ ಅನ್ನುವ ಮಾತು ಕಾಮಿಕ್ಸಿನಲ್ಲಿ ನಡೆಯುವುದಿಲ್ಲ, ಹತ್ತು ವರ್ಷಕ್ಕೊಮ್ಮೆ ತಿದ್ದುತ್ತಾರೆ. ನಮ್ಮ ಹಾಲ್‌ನಲ್ಲಿ ಮಾತ್ರ 1992ರದ್ದೇ ನಡೆಯುತ್ತದೆ.

ಕೋಲ್ಡ್ ಸ್ಟೋರೇಜಲ್ಲಿ ಇದ್ದ ನಿಮ್ಮಪ್ಪ ಇದನ್ನ ನೋಡಿ ಏನಂದ್ರು?

ಒಂದೇ ಸಲ ನೋಡಿದರು. ಮಾತೆಲ್ಲ ಅರ್ಥವಾಗಲಿಲ್ಲ, ನಾನು ಹೇಳುತ್ತಾ ಹೋದೆ. ಬಾಯ್ಲ್ ಯಂತ್ರ ನಿಲ್ಲಿಸು ಅನ್ನುವ ಜಾಗಕ್ಕೆ ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಜನರೇಟರ್ ಇರಲಿಲ್ವೇನೋ?" ಅಂದರು. ಇಲ್ಲಪ್ಪ, ಅಂದೆ. ಕರೆಂಟ್ ಹೋದ ರಾತ್ರಿಗಳಲ್ಲಿ ಎಷ್ಟೋ ಸಲ ಬ್ಯಾಟರಿ ಹಿಡಿದು ಗೋಡೌನಿಗೆ ಓಡಿದವರು ಅವರು. ಮುಗಿಯುವವರೆಗೆ ಮತ್ತೆ ಏನೂ ಕೇಳಲಿಲ್ಲ. ಆಮೇಲೆ ಊಟಕ್ಕೆ ಕೂತಾಗ, ತಟ್ಟೆಯಲ್ಲಿ ಮುದ್ದೆ ಮುರಿಯುತ್ತಾ, "ಮೆಷಿನ್ ಆಫ್ ಮಾಡೋದಕ್ಕೂ ಒಬ್ಬ ಆಪರೇಟರ್ ಇದ್ದಿರ್ತಾನೆ, ಅವನ ಮುಖ ತೋರಿಸಲಿಲ್ಲ" ಅಂದರು.